ಮಾರಿದ ಮನೆಯಲ್ಲಿ ನಮ್ಮದೇನು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಸಾಲಕ್ಕೆ ಸಿಕ್ಕಿ ತಲೆ ತಗ್ಗಿಸುವ ಕೆಲಸ. ಅದನ್ನು ಗಾದೆಯಾಗಿಸುವ ಮನಸ್ಸು ಯಾರಿಗೂ ಬಂದಿರಲಿಕ್ಕಿಲ್ಲ. ಮುಂಬಯಿಗೆ ಬಂದ ನಾವಾದರೋ ಚಾಳಿನ ಖೋಲಿಯಿಂದ ಒಂದು ಕೋಣೆ, ಒಂದು ಅಡುಗೆಮನೆಗೆ, ಅಲ್ಲಿಂದ ಡೊಂಬಿವಲಿ, ಕಲ್ಯಾಣ, ವಸಾಯಿಗಳ ಕಡೆಗೆ ಮಾರುತ್ತ ಕೊಳ್ಳುತ್ತ ಬಂದವರು. ಮನೆ ಮಾರಿ ಹೊರಡುವಾಗ ಏನನ್ನು ಹೊತ್ತು ತರಬಹುದು, ಏನನ್ನು ಬಿಟ್ಟು ಬರಬೇಕು ಎಂಬ ಪ್ರಶ್ನೆ ಹಾಗಾಗಿ ನಮ್ಮದೇ.

ನಮ್ಮ ಕಟ್ಟಡದ ಮೂರನೆಯ ಮಹಡಿಯ ಸಂಸಾರವೊಂದು ಮನೆ ಮಾರಿ ಹೋಯಿತು. ಕೊಂಡವರು ಮಕ್ಕಳೊಂದಿಗೆ ಬಂದಿಳಿದಾಗ ಸಂಜೆ ಏಳು ಗಂಟೆ. ಬಾಗಿಲು ತೆರೆದರೆ ಕತ್ತಲೆ. ಬಲ್ಬುಗಳಷ್ಟೇ ಅಲ್ಲ, ಹೋಲ್ಡರುಗಳೂ ಇರಲಿಲ್ಲ. ಚಾವಣಿಯಿಂದ ತಂತಿಗಳು ಜೋತಾಡುತ್ತಿದ್ದವು. ಅಡುಗೆಮನೆಯ ನಲ್ಲಿಯನ್ನು ಕಳಚಿ, ಕೊಳವೆಯ ಬಾಯಿಗೆ ಮರದ ಬೆಣೆ ಜಡಿದಿದ್ದರು. ನನ್ನಾಕೆ ಮೇಣದ ಬತ್ತಿಯನ್ನೂ ಎರಡು ಕೊಡ ನೀರನ್ನೂ ಕೊಟ್ಟು ಬಂದಳು. ಹೋದವರೇನು ಕೆಟ್ಟವರೆ? ಖಂಡಿತ ಅಲ್ಲ. ದೇವರು ದಿಂಡರು ಎಂದರೆ ಮುಂದೆ, ಸಂಘದ ವಂತಿಗೆಗೆ ಎರಡು ಸಲ ಹೇಳಿಸಿಕೊಂಡವರಲ್ಲ. ಮುಂದೊಮ್ಮೆ ಕೇಳಿದಾಗ, “ಎಲ್ಲ ನನ್ನ ದುಡ್ಡಿನಲ್ಲಿ ಹಾಕಿಸಿದ್ದಲ್ಲವೆ?” ಎಂದರು. ಹಾಗೆ ನೋಡಿದರೆ ಗೋಡೆಯೂ ಅವರ ದುಡ್ಡಿನದೇ.

ಈ ವಿಷಯದಲ್ಲಿ ಕಾನೂನು ನಮಗಿಂತ ಸೂಕ್ಷ್ಮವಾಗಿ ಯೋಚಿಸಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 8ನೆಯ ಕಲಮಿನಲ್ಲಿ, ಬೇರೆ ಮಾತಾಗಿರದಿದ್ದರೆ, ಮನೆಯೊಂದಿಗೆ ಅದರ ಬೀಗ, ಬೀಗದ ಕೈ, ಅಗುಳಿ, ಬಾಗಿಲು, ಕಿಟಕಿ, ಮತ್ತು ಅದರ ಶಾಶ್ವತ ಉಪಯೋಗಕ್ಕೆಂದು ಒದಗಿಸಿದ ಎಲ್ಲವೂ ಕೊಂಡವನಿಗೆ ಸೇರುತ್ತವೆ ಎಂದಿದೆ. ಬೀಗದ ಕೈಯನ್ನೂ ಹೆಸರಿಸಿ ಬರೆದಿದ್ದಾರೆಂದರೆ, ಅದನ್ನೂ ಒಯ್ದ ಮಹನೀಯರು ಆಗಲೇ ಇದ್ದಿರಬೇಕು! ಅದೇ ಕಾಯಿದೆಯ 108ನೆಯ ಕಲಮು ಬಾಡಿಗೆದಾರನಿಗೆ ಹೇಳುವ ಮಾತು ಬೇರೆ: ತಾನು ಜೋಡಿಸಿದ್ದನ್ನು ತಾನು ಕಳಚಿ ಒಯ್ಯಬಹುದು, ಆದರೆ ಜಾಗವನ್ನು ಹಿಂದಿದ್ದ ಸ್ಥಿತಿಯಲ್ಲಿ ಬಿಡಬೇಕು. ಮೂರನೆಯ ಮಹಡಿಯವರ ಗುಟ್ಟು ನನಗೆ ಇಲ್ಲಿ ಹೊಳೆಯಿತು. ಅವರು ಮೂವತ್ತು ವರ್ಷ ಬಾಡಿಗೆಗೆ ಇದ್ದವರು. ಮನೆಯ ಯಜಮಾನರಾದ ಮೇಲೂ ಮನಸ್ಸು ಬಾಡಿಗೆದಾರನದೇ ಆಗಿ ಉಳಿಯಿತು. ನಮ್ಮಲ್ಲಿ ಬಹುಮಂದಿಯ ಮನಸ್ಸು ಈ ಊರಿನಲ್ಲಿ ಹಾಗೆಯೇ ಇದೆ. ಯಾವಾಗ ಬೇಕಾದರೂ ಕಳಚಿಕೊಂಡು ಹೊರಡುವವರಂತೆ ಬದುಕುತ್ತೇವೆ.

ಆದರೆ ನಲ್ಲಿ ಹೋಲ್ಡರುಗಳ ಲೆಕ್ಕ ಸುಲಭ. ಸುಲಭವಲ್ಲದ ಲೆಕ್ಕವನ್ನು ನಾನು ಊರಿನ ಮನೆ ಮಾರಿದಾಗ ಕಂಡೆ.

ಉಡುಪಿಯ ಸಮೀಪದ ಆ ಮನೆಯನ್ನು ನಾವು ಮೂವರು ಅಣ್ಣತಮ್ಮಂದಿರು 1998ರಲ್ಲಿ ಮಾರಿದೆವು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಮೂವರೂ ಮುಂಬಯಿ ಪುಣೆಗಳಲ್ಲಿ, ದೀಪ ಹಚ್ಚುವವರಿಲ್ಲ. ಕೊಂಡವರು ನಿವೃತ್ತರಾದ ಒಬ್ಬ ಮಾಸ್ಟ್ರು. ಕ್ರಯಪತ್ರಕ್ಕೆ ರುಜು ಹಾಕಿದ ಮೇಲೆ ನಮಗೆ ಎಂಟು ದಿನಗಳ ಅವಕಾಶ ಕೊಟ್ಟರು. ಆ ಎಂಟು ದಿನಗಳಲ್ಲಿ ನಾವು ಮಾಡಿದ್ದನ್ನು ಹೇಳಬೇಕು.

ಬಚ್ಚಲ ಮನೆಯಲ್ಲಿ ಒಲೆಗೆ ಸೇರಿಸಿ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆಯಿತ್ತು. ಅಣ್ಣ ಅದನ್ನು ಹಾರೆಯಿಂದ ಎಬ್ಬಿಸಿದ. ತಾಮ್ರಕ್ಕೆ ಬೆಲೆಯಿತ್ತು ಅನ್ನಿ. ಅದು ಹೋದ ಜಾಗದಲ್ಲಿ ಒಂದು ಕರಿ ಗುಂಡಿ ಉಳಿಯಿತು. ಅಡುಗೆಮನೆಯ ನೆಲದಲ್ಲಿ ಅರ್ಧ ಹೂತ ಅರೆಯುವ ಕಲ್ಲಿತ್ತು. ಅಮ್ಮ ಐವತ್ತು ವರ್ಷ ಅದರ ಮುಂದೆ ಕುಳಿತವಳು. ಅದನ್ನು ತರಬೇಕೆಂದು ನನಗೆ ಬಹಳ ಆಸೆ. ಆದರೆ ಗುಂಡನ್ನು ಮಾತ್ರ ಎತ್ತಬಹುದಿತ್ತು, ಕಲ್ಲನ್ನು ಎತ್ತಲು ನೆಲ ಒಡೆಯಬೇಕಿತ್ತು. ಗುಂಡಿಲ್ಲದ ಕಲ್ಲು ಮಾಸ್ಟ್ರ ಮನೆಯವರಿಗೆ ಏನು ಪ್ರಯೋಜನ? ಕಲ್ಲಿಲ್ಲದ ಗುಂಡು ಡೊಂಬಿವಲಿಯ ನಾಲ್ಕನೆಯ ಮಹಡಿಯಲ್ಲಿ ನನಗೆ ಏನು ಪ್ರಯೋಜನ? ಬಿಟ್ಟು ಬಂದೆ. ಇದನ್ನು ನನ್ನ ಒಳ್ಳೆಯತನವೆಂದು ಹೇಳಿಕೊಳ್ಳಲಾರೆ. ಬಸ್ಸಿನಲ್ಲಿ ತರುವ ತಾಪತ್ರಯವೂ ಇತ್ತು.

ನಾಗಬನದ ಮಾತು ಬೇರೆ. ಅದನ್ನು ಹೊತ್ತು ತರುವ ಯೋಚನೆ ಯಾರಿಗೂ ಬರುವುದಿಲ್ಲ. ನೆಲ ಮಾರಿದರೂ ಮೂಲಸ್ಥಾನವೆಂದು ನಾಗರಪಂಚಮಿಗೆ ಹೋಗಿ ತನು ಹಾಕಿ ಬರುವ ಸಂಸಾರಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥವರು ಕ್ರಯಪತ್ರದಲ್ಲೇ ಬನಕ್ಕೆ ಹೋಗಿಬರುವ ದಾರಿಯ ಹಕ್ಕನ್ನು ಬರೆಸಿಕೊಳ್ಳುವುದು ಒಳ್ಳೆಯದು. ಇಂದಿನ ಯಜಮಾನನ ಬಾಯಿಮಾತು ನಾಳಿನ ಯಜಮಾನನನ್ನು ಕಟ್ಟುವುದಿಲ್ಲ.

ನನ್ನನ್ನು ಇಂದಿಗೂ ಚುಚ್ಚುವುದು ಹಂಡೆಯಲ್ಲ, ಬಾವಿ. ನಮ್ಮ ಕಡೆಯದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ಬೇಗ ಕೆಳಕ್ಕೆ ಬಿಟ್ಟುಕೊಡುತ್ತದೆ. ಆಷಾಢದಲ್ಲಿ ಕೈಗೆ ಸಿಗುವಷ್ಟು ಮೇಲಿರುವ ನೀರು ಏಪ್ರಿಲ್ ಕಳೆಯುವಾಗ ತಳದಲ್ಲಿ ಕೆಸರಾಗಿರುತ್ತಿತ್ತು. ಆಗ ಅಮ್ಮ ಕೊಡಪಾನ ಹಿಡಿದು ತೋಟದಾಚೆಯ ಮನೆಗೆ ಹೋಗುತ್ತಿದ್ದಳು. ಆ ಮನೆಯ ಅಕ್ಕ ಎಂದೂ ಬೇಡವೆಂದವರಲ್ಲ. ಮಾರುವ ಮೊದಲು ಮನೆ ನೋಡಲು ಬಂದ ಮಾಸ್ಟ್ರು ಬಾವಿಯನ್ನು ಬಗ್ಗಿ ನೋಡಿ, “ಬೇಸಗೆಯಲ್ಲಿ ನೀರಿಗೆ ತೊಂದರೆ ಇಲ್ಲವಷ್ಟೆ?” ಎಂದು ಕೇಳಿದರು. ಅದು ನವೆಂಬರ್ ತಿಂಗಳು. ಅಣ್ಣ ಹೇಳಿದ: “ನಮಗೆ ಎಂದೂ ತೊಂದರೆಯಾದದ್ದಿಲ್ಲ.” ಈ ಮಾತಿನಲ್ಲಿ ಸುಳ್ಳಿನ ಅಕ್ಷರವೊಂದೂ ಇಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ತೆಂಗಿನ ಮರದ ತುದಿ ನೋಡುತ್ತಿದ್ದೆ.

ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ಕಾಣದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕೆಂದು ಅದೇ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ನವೆಂಬರಿನ ಬಾವಿಯಲ್ಲಿ ಏಪ್ರಿಲಿನ ಕೆಸರು ಯಾರಿಗೆ ಕಂಡೀತು? ಅದಿರಲಿ, ಇನ್ನೊಂದು ತೊಡಕಿದೆ. ನೀರು ಸೇದುವ ಹಕ್ಕೇನಾದರೂ ಮನೆಗೆ ಸೇರಿದ್ದರೆ ಅದು ಮನೆಯೊಂದಿಗೆ ಮಾಸ್ಟ್ರಿಗೆ ಹೋಗುತ್ತಿತ್ತು. ಆದರೆ ಅಮ್ಮನದು ಹಕ್ಕಲ್ಲ, ಅಕ್ಕನ ಅನುಮತಿ. ಅಂಥ ಅನುಮತಿಯನ್ನು ಪಡೆದವನು ಇನ್ನೊಬ್ಬನಿಗೆ ದಾಟಿಸಲಾರ ಎಂದು 1882ರದೇ ಇನ್ನೊಂದು ಕಾಯಿದೆ, ಈಸ್‌ಮೆಂಟ್ ಕಾಯಿದೆ, ತನ್ನ 56ನೆಯ ಕಲಮಿನಲ್ಲಿ ಹೇಳುತ್ತದೆ. ಅಂದರೆ ಮನೆಯ ನೀರು ಬಾವಿಯಲ್ಲಿರಲಿಲ್ಲ, ಅಮ್ಮನ ನಡವಳಿಕೆಯಲ್ಲಿತ್ತು. ಅದನ್ನು ನಾವು ಬಿಟ್ಟು ಬರುವಂತೆಯೂ ಇರಲಿಲ್ಲ, ತಂದೂ ಇರಲಿಲ್ಲ. ಇದ್ದದ್ದು ಒಂದೇ ದಾರಿ: ಮಾಸ್ಟ್ರನ್ನು ಕರೆದುಕೊಂಡು ತೋಟ ದಾಟಿ, “ಅಕ್ಕಾ, ಇನ್ನು ಇವರು” ಎಂದು ಪರಿಚಯ ಮಾಡಿಸುವುದು. ಹಾಗೆ ಮಾಡಿದರೆ ಬಾವಿಯ ಗುಟ್ಟು ಹೊರಬೀಳುತ್ತದೆ, ಬೆಲೆ ಇಳಿಯುತ್ತದೆ. ಆದ್ದರಿಂದ ಮಾಡಲಿಲ್ಲ.

ಕಲಿಯುಗ ಹುಟ್ಟಿದ ಬಗೆಗೆ ಹಿರಿಯರು ಹೇಳುತ್ತಿದ್ದ ಕಥೆ ನಿಮ್ಮಲ್ಲಿ ಹಲವರು ಕೇಳಿರಬಹುದು. ಹೊಲ ಕೊಂಡವನಿಗೆ ನೇಗಿಲ ಮೊನೆಗೆ ಹೊನ್ನಿನ ಕೊಪ್ಪರಿಗೆ ಸಿಕ್ಕಿತು. ಅವನು, ನಾನು ಕೊಂಡದ್ದು ಹೊಲ, ಹೊನ್ನು ನಿನ್ನದು ಎಂದ. ಮಾರಿದವನು, ಹೊಲದೊಳಗಿದ್ದದ್ದೆಲ್ಲ ನಿನ್ನದೇ ಎಂದ. ತೀರ್ಪಿಗೆ ಕೊಂಚ ಕಾಲ ತಡೆಯಿರಿ ಎಂದರಂತೆ. ಅಷ್ಟರಲ್ಲಿ ಕಲಿ ಕಾಲಿಟ್ಟ. ಇಬ್ಬರೂ ತನ್ನದು ತನ್ನದು ಎಂದು ಜಗಳಕ್ಕೆ ನಿಂತರು. ನನಗೆ ಈ ಕಥೆ ಅರ್ಧವೆನಿಸುತ್ತದೆ. ಕೊಪ್ಪರಿಗೆ ಸಿಕ್ಕಿದಾಗ ಜಗಳವಾದರೂ ಇಬ್ಬರೂ ಎದುರೆದುರು ನಿಂತಿರುತ್ತಾರೆ. ಬತ್ತಿದ ಬಾವಿ ಸಿಕ್ಕಿದಾಗ ಮಾರಿದವನು ಮುಂಬಯಿಯ ಲೋಕಲ್ ಗಾಡಿಯಲ್ಲಿರುತ್ತಾನೆ.

ಎರಡು ವರ್ಷಗಳ ಮೇಲೆ ಊರಿನ ಮದುವೆಯೊಂದಕ್ಕೆ ಹೋದಾಗ ತೋಟದಾಚೆಯ ಮನೆಗೆ ಹೋದೆ. ಅಕ್ಕ ಬೆಲ್ಲ ನೀರು ಕೊಟ್ಟು ಕುಳ್ಳಿರಿಸಿದರು. ಮಾಸ್ಟ್ರು ಮೊದಲ ಬೇಸಗೆ ಪೂರ್ತಿ ದುಡ್ಡು ಕೊಟ್ಟು ನೀರು ತರಿಸಿದರಂತೆ. ಪರಿಚಯವಿಲ್ಲದ ಮನೆಗೆ ಕೊಡಪಾನ ಹಿಡಿದು ಹೋಗುವುದು ಹೇಗೆಂದು ಸಂಕೋಚ. ಎರಡನೆಯ ಬೇಸಗೆಯಲ್ಲಿ ಅಕ್ಕನೇ ಹೇಳಿಕಳಿಸಿದರಂತೆ. “ಹೋಗುವಾಗ ಒಂದು ಮಾತು ಹೇಳಿ ಹೋಗಬಾರದಿತ್ತೆ ಮಾರಾಯ?” ಎಂದರು, ಅಷ್ಟೇ. ಮಾಸ್ಟ್ರ ಮನೆಯ ಕಡೆಗೆ ಹೋಗಲು ನನಗೆ ಕಾಲು ಬರಲಿಲ್ಲ.

ಕಳೆದ ವರ್ಷ ಡೊಂಬಿವಲಿಯ ಮನೆಯನ್ನು ಮಾರಿ ಮಗನ ಹತ್ತಿರ ಪುಣೆಗೆ ಹೊರಟೆವು. ಫ್ಯಾನು, ಗೀಸರು, ಕಿಟಕಿಯ ಜಾಲಿ ಎಲ್ಲ ಬಿಡುವುದೆಂದು ನಾನೂ ನನ್ನಾಕೆಯೂ ಬೇಗ ಒಪ್ಪಿಕೊಂಡೆವು. ತುಲಸಿಯ ಕುಂಡವನ್ನು ಅವಳು ತೊಡೆಯ ಮೇಲಿಟ್ಟುಕೊಂಡೇ ಬರುತ್ತೇನೆಂದಳು. ಕುಂಡ ನೆಲದಲ್ಲಿ ಬೇರೂರಿದ್ದಲ್ಲವಾದ್ದರಿಂದ ನಾನು ಚಕಾರವೆತ್ತಲಿಲ್ಲ. ವ್ಯವಹಾರ ಕುದುರುವ ಮೊದಲು ಒಂದು ಹಾಳೆಯಲ್ಲಿ ಬರೆದೆ: ಪಶ್ಚಿಮದ ಗೋಡೆ ಜುಲೈಯಲ್ಲಿ ಒದ್ದೆಯಾಗುತ್ತದೆ, ಮೇಲೆ ಬಳಿದ ಬಣ್ಣವನ್ನು ನಂಬಬೇಡಿ. ನೀರು ಬರುವ ಹೊತ್ತು ಇಂಥದ್ದು. ಬಚ್ಚಲ ಕೊಳವೆ ಕೆಳಗಿನ ಮನೆಗೆ ಸೋರಿ ಎರಡು ಸಲ ತಕರಾರಾಗಿದೆ. ಎದುರು ಮನೆಯ ಅಜ್ಜಿಗೆ ಒಂದು ಕೀಲಿ ಕೊಟ್ಟಿಡಿ, ನಂಬಬಹುದು.

ಕೊಳ್ಳಲು ಬಂದ ಹುಡುಗ ಹಾಳೆಯನ್ನು ಎರಡು ಸಲ ಓದಿದ. ಆಮೇಲೆ ಬೆಲೆಯಲ್ಲಿ 40,000 ರೂಪಾಯಿ ಇಳಿಸಿ ಕೇಳಿದ. ಕೊಟ್ಟೆ. ನನ್ನಾಕೆ ಆ ರಾತ್ರಿ ನನ್ನೊಡನೆ ಮಾತನಾಡಲಿಲ್ಲ. ಹೊರಡುವ ದಿನ ಬೆಳಿಗ್ಗೆ ಮಾತ್ರ ಮನೆ ಗುಡಿಸಿ, ಹೊಸಿಲಿಗೆ ರಂಗವಲ್ಲಿ ಎಳೆದು, ಅಡುಗೆಮನೆಯಲ್ಲಿ ಒಂದು ಕೊಡ ನೀರು ತುಂಬಿಸಿಟ್ಟಳು. ನಮ್ಮದೇ ಸ್ಟೀಲಿನ ಕೊಡ. ಅದನ್ನು ವಾಪಸು ತರುವ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.