ಕತ್ತಿಯ ಆಟ, ಕಣ್ಣೀರಿನ ಪಾಠ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ವಿಡಿಯೋ ಗೇಮ್ ಎಂದರೆ ಪ್ರಾಣ. 2020ರಲ್ಲಿ ಬಂದ ಸಮುರಾಯ್ ಗೇಮ್ ‘ಘೋಸ್ಟ್ ಆಫ್ ತ್ಸುಶಿಮಾ’ದ ಡಬ್ಬಿಯ ಮೇಲೆ 17 ವರ್ಷ ದಾಟಿದವರಿಗೆ ಎಂಬ ಗುರುತಿದೆ. ಅದು ಕಾನೂನಲ್ಲ. ಮಕ್ಕಳಿಗೆ ಹಿಂಸೆಯ ಗೇಮ್ ಮಾರಬಾರದೆಂಬ ಕ್ಯಾಲಿಫೋರ್ನಿಯಾ ಕಾನೂನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಹಾಗಾಗಿ ಕಾವಲು ನಮ್ಮದೇ.

ಮಹಾಭಾರತದಲ್ಲಿ ರಕ್ತವಿಲ್ಲವೇ? ಇದೆ. ಮಲಗಿದ್ದ ಉಪಪಾಂಡವರನ್ನು ಅಶ್ವತ್ಥಾಮ ಕೊಂದ. ಆದರೆ ಕಥೆ ಅಲ್ಲಿಗೆ ನಿಲ್ಲದೆ, ಸ್ತ್ರೀಪರ್ವದಲ್ಲಿ ಗಾಂಧಾರಿಯ ಗೋಳನ್ನೂ ಕೇಳಿಸುತ್ತದೆ.

ಗೇಮಿನ ನಾಯಕ ಜಿನ್ ಕೂಡ ಮಂಗೋಲರನ್ನು ಹೊಂಚುಹಾಕಿ, ವಿಷವಿಕ್ಕಿ ಕೊಲ್ಲುತ್ತಾನೆ. ಸಮುರಾಯ್ ಧರ್ಮ ಬಿಟ್ಟೆಯೆಂದು ಸೋದರಮಾವ ಖಂಡಿಸುತ್ತಾನೆ. ನಾಡು ಉಳಿಸಲು ಧರ್ಮ ಬಿಡಬಹುದೇ? ಒಳ್ಳೆಯ ಪ್ರಶ್ನೆಯೇ. ಬಟನ್ ಒತ್ತುವ ಅವಸರದಲ್ಲಿ ಹತ್ತು ವರ್ಷದ ಮಗುವಿಗೆ ಅದು ಕೇಳಿಸೀತೇ?

ಚಿಕ್ಕವರಿಗೆ ಬೇಡವೆನ್ನೋಣ. ದೊಡ್ಡವರಾದ ಮೇಲೆ ಪಕ್ಕದಲ್ಲಿ ಕೂತು ಕೇಳೋಣ: ಸತ್ತವನಿಗಾಗಿ ಅಳುವವರು ಯಾರು?