ಗೆದ್ದವರಿಗೆ ಗೊತ್ತಿರಲಿಲ್ಲ, ನಮಗೆ?

ಅಮೆರಿಕದ ಫ್ಲೋರಿಡಾದಲ್ಲಿ ಡೇಟೋನಾ 500 ಅಂತ ದೊಡ್ಡ ಕಾರ್ ರೇಸ್ ನಡೆಯುತ್ತೆ. ಅಲ್ಲಿ ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡೇ ಓಡ್ತವೆ. ಒಂದು ಅಡ್ಡ ತಿರುಗಿದ್ರೆ ಹತ್ತಾರು ಕಾರು ನುಜ್ಜುಗುಜ್ಜು.

2020ರ ಫೆಬ್ರವರಿ 17, ಕೊನೆಯ ಸುತ್ತು. ಮುಂದಿದ್ದವರು ರಯಾನ್ ನ್ಯೂಮನ್. ಹಿಂದಿನ ಕಾರು ತಗುಲಿ ಅವರ ಕಾರು ಗೋಡೆಗೆ ಬಡಿದು ಪಲ್ಟಿಯಾಯ್ತು. ಇನ್ನೊಂದು ಕಾರು ಬಂದು ಅದಕ್ಕೇ ಗುದ್ದಿತು. ಡೆನ್ನಿ ಹ್ಯಾಮ್ಲಿನ್ 0.014 ಸೆಕೆಂಡ್ ಅಂತರದಲ್ಲಿ ಗೆದ್ದರು, ಸಂಭ್ರಮಿಸಿದರು. ಜನ ಬೈದರು. ನ್ಯೂಮನ್ ಸ್ಥಿತಿ ನಮಗೆ ಗೊತ್ತಿರಲಿಲ್ಲ ಅಂತ ತಂಡದ ಮಾಲೀಕ ಜೋ ಗಿಬ್ಸ್ ಕ್ಷಮೆ ಕೇಳಿದರು.

ಗೊತ್ತಿಲ್ಲದೆ ಸಂತೋಷಪಟ್ಟದ್ದು ಪಾಪವಾ? ನಾನು ಹಾಗೆ ಹೇಳಲ್ಲ. ಆದರೆ ನಮ್ಮ ವಿಷಯ ಬೇರೆ. ಒಳಗೆ ಮನುಷ್ಯ ಇದ್ದಾನೆ ಅಂತ ಚೆನ್ನಾಗಿ ಗೊತ್ತಿದ್ದೂ ಅಂಥ ವಿಡಿಯೋನ ಸ್ಲೋ ಮೋಷನ್‌ನಲ್ಲಿ ನೋಡ್ತೀವಿ, ಗ್ರೂಪಿಗೆ ಕಳಿಸ್ತೀವಿ. ಆಮೇಲೆ ಅವನು ಬದುಕಿದನಾ ಅಂತ ವಿಚಾರಿಸೋದೂ ಇಲ್ಲ!

ಎರಡು ದಿನದ ನಂತರ ನ್ಯೂಮನ್ ಇಬ್ಬರು ಹೆಣ್ಣುಮಕ್ಕಳ ಕೈಹಿಡಿದು ಆಸ್ಪತ್ರೆಯಿಂದ ನಡೆದೇ ಹೊರಬಂದರು. ಆ ಫೋಟೋವನ್ನು ನಮ್ಮಲ್ಲಿ ಎಷ್ಟು ಜನ ಹುಡುಕಿದ್ವಿ?

ಇನ್ನು ಮುಂದೆ ಯಾವುದೇ ಅಪಘಾತದ ವಿಡಿಯೋ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಮನುಷ್ಯ ಹೇಗಿದ್ದಾನೆ?