ಕಟ್ಟೆಯ ಎತ್ತರ ಯಾರ ಅಳತೆಗೆ?

ನಮಗೆ ಪರಿಚಯದ ಒಂದು ಕುಟುಂಬದವರು ಅಡುಗೆಮನೆಯನ್ನು ದುರಸ್ತಿ ಮಾಡಿಸಲು ಹೊರಟರು. ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆಯನ್ನು ಅರ್ಧಕ್ಕೆ ಇಳಿಸಿ, ಮೇಲೆ ಗ್ರಾನೈಟ್ ಹಾಸಿ, ‘ಬ್ರೇಕ್‌ಫಾಸ್ಟ್ ಕೌಂಟರ್’ ಮಾಡಿಸಬೇಕೆಂಬುದು ಸೊಸೆಯ ಆಸೆ. ಜಾಗ ಸಾಲದ್ದರಿಂದ ಹಳೆಯ ಊಟದ ಮೇಜನ್ನು ತೆಗೆಯಬೇಕಿತ್ತು. ಅತ್ತೆ ಬೇಡವೆನ್ನಲಿಲ್ಲ. ಮಾದರಿಗೆಂದು ತಂದಿಟ್ಟಿದ್ದ ಎತ್ತರದ ಸ್ಟೂಲನ್ನು ನೋಡಿದರು, ತಮ್ಮ ಮೊಣಕಾಲನ್ನು ಸವರಿಕೊಂಡರು. “ನನ್ನ ತಟ್ಟೆ ನನ್ನ ಕೋಣೆಗೇ ಕೊಟ್ಟುಬಿಡಿ ಮಗಾ” ಎಂದರು.

ಇದನ್ನು ಕೇಳಿದವರು ಸೊಸೆಯದು ಷೋಕಿ ಎಂದುಬಿಡಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಆಕೆ ಹೇಳಿದ್ದು ಬೇರೆ: “ಹನ್ನೆರಡು ವರ್ಷದಿಂದ ಗೋಡೆಗೆ ಮುಖ ಮಾಡಿ ದೋಸೆ ಹುಯ್ಯುತ್ತಿದ್ದೇನೆ ಅಂಕಲ್. ಆಚೆ ಎಲ್ಲರೂ ನಗುವುದು ಕೇಳಿಸುತ್ತದೆ. ಯಾಕೆ ನಕ್ಕರು ಅಂತ ಮಾತ್ರ ಗೊತ್ತಾಗುವುದಿಲ್ಲ.”

ಈ ಒಂಟಿತನ ನಮ್ಮ ಊರಿನದಷ್ಟೇ ಅಲ್ಲ. 1926ರಲ್ಲಿ ಮಾರ್ಗರೇಟ್ ಶ್ಯೂಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗೃಹಗಳಿಗಾಗಿ ಒಂದು ಪುಟ್ಟ ಅಡುಗೆಮನೆಯನ್ನು ರೂಪಿಸಿದರು. ಗೃಹಿಣಿಯ ಓಡಾಟ, ಆಯಾಸ ಕಡಿಮೆಯಾಗಲೆಂಬ ಸದುದ್ದೇಶ ಅವರದು. ಕೆಲಸವೇನೋ ಹಗುರವಾಯಿತು. ಆದರೆ ಒಬ್ಬರೇ ನಿಲ್ಲುವಷ್ಟು ಜಾಗದಲ್ಲಿ ಆ ಒಬ್ಬರು ಒಂಟಿಯಾದರು ಎಂಬ ಟೀಕೆ ಮುಂದೆ ಬಂತು. ಗೋಡೆ ತೆಗೆದು ಕೌಂಟರ್ ಕಟ್ಟಿದರೆ ಅಡುಗೆ ಮಾಡುವವರ ಮುಖ ಮನೆಯವರ ಕಡೆಗೆ ತಿರುಗುತ್ತದೆ. ಇದು ಸಣ್ಣ ಮಾತಲ್ಲ.

ಹಾಗಾದರೆ ತೊಡಕು ಎಲ್ಲಿ? ಅಳತೆಯಲ್ಲಿ. ಊಟದ ಮೇಜು ಸುಮಾರು 30 ಅಂಗುಲ ಎತ್ತರ, ಅದರ ಕುರ್ಚಿ 18 ಅಂಗುಲ. ಎತ್ತರದ ಕೌಂಟರ್ 42 ಅಂಗುಲ, ಅದಕ್ಕೆ 30 ಅಂಗುಲದ ಸ್ಟೂಲು ಬೇಕು. ಹೆಚ್ಚಾದದ್ದು ಒಂದೇ ಅಡಿ. ಆ ಒಂದು ಅಡಿಯಲ್ಲಿ ಅಜ್ಜಿ ಹೊರಗುಳಿಯುತ್ತಾರೆ, ಮಗುವಿನ ಕಾಲು ನೆಲಕ್ಕೆ ಎಟುಕದೆ ತೂಗಾಡುತ್ತದೆ.

ಸೊಸೆಯ ಬಯಕೆ ನ್ಯಾಯವಾದದ್ದು, ಅತ್ತೆಯ ಅಗತ್ಯವೂ ನ್ಯಾಯವಾದದ್ದೇ. ಇಂತಹ ಕಡೆ ಬಾಯಿಬಿಟ್ಟು ಕೇಳಿದವರಿಗೆ ಸಿಗುತ್ತದೆ, ಸುಮ್ಮನಿದ್ದವರು ಕಳೆದುಕೊಳ್ಳುತ್ತಾರೆ. ಬಿರುನುಡಿಯನ್ನು ಸಂಜೆಗೆ ಕ್ಷಮೆ ಕೇಳಿ ಸರಿಪಡಿಸಬಹುದು. ಕಲ್ಲಿನಲ್ಲಿ ಕಟ್ಟಿದ ಮರೆವು ಮಾತ್ರ ದಿನವೂ ಬೆಳಿಗ್ಗೆ ‘ನಿಮಗಿಲ್ಲಿ ಸ್ಥಳವಿಲ್ಲ’ ಎನ್ನುತ್ತಲೇ ಇರುತ್ತದೆ.

ಕೊನೆಗೆ ದಾರಿ ತೋರಿಸಿದವರು ಮೇಸ್ತ್ರಿ. ಮಾಡಿನ ಭಾರ ಹೊತ್ತ ಗೋಡೆಯಾದ್ದರಿಂದ ಮೊದಲು ಮೇಲೆ ತೊಲೆ ಕೊಟ್ಟು, ಬಳಿಕ ಗೋಡೆ ಇಳಿಸಿದರು. ಒಲೆಯ ಕಡೆಯ ಕಟ್ಟೆ ನಿಂತು ಕೆಲಸ ಮಾಡುವ ಎತ್ತರದಲ್ಲೇ ಉಳಿಯಿತು. ಹಾಲಿನ ಕಡೆಗೆ 30 ಅಂಗುಲ ಎತ್ತರದಲ್ಲಿ, ಕೆಳಗೆ ಮೊಣಕಾಲಿಗೆ ಜಾಗ ಬಿಟ್ಟು, ಇನ್ನೊಂದು ಹಲಗೆ ಬಂತು. ಎಲ್ಲರೂ ಒಂದೇ ಸಾಲಿನಲ್ಲಿ ಕೂರದೆ ಒಬ್ಬರ ಮುಖ ಒಬ್ಬರಿಗೆ ಕಾಣಲೆಂದು ಅದನ್ನು ಮೂಲೆಯಲ್ಲಿ ತಿರುಗಿಸಿದರು. ಸ್ಟೂಲು ಅಂಗಡಿಗೆ ಮರಳಿತು, ಹಳೆಯ ಕುರ್ಚಿಗಳು ಉಳಿದವು.

ಆದರೂ ಒಂದು ಪ್ರಶ್ನೆ ಬಾಕಿ ಇತ್ತು. ಗೋಡೆ ಹೋಯಿತು, ಆದರೆ ಎಲ್ಲರೂ ಕುಳಿತು ತಿನ್ನುವಾಗ ಸೊಸೆ ಈಗಲೂ ನಿಂತೇ ಇದ್ದರು! ಇದನ್ನು ಸರಿಪಡಿಸುವುದು ಯಾವ ಮೇಸ್ತ್ರಿಯ ಕೈಯಲ್ಲೂ ಇಲ್ಲ. ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯವನ್ನು ನೆನೆಯಿರಿ. ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರಿಗಾಗಿ, ಪುನರುತ್ಥಾನರಾದ ಪ್ರಭು ದಡದಲ್ಲಿ ಕೆಂಡ ಹೊತ್ತಿಸಿ, ಮೀನು ರೊಟ್ಟಿ ಸಿದ್ಧಪಡಿಸಿ, ತಾವೇ ಬಡಿಸಿದರು. ಬೆಳಗಿನ ಉಪಾಹಾರ ಬಡಿಸುವುದು ಪ್ರಭುವಿಗೆ ಕಡಿಮೆಯೆನಿಸಲಿಲ್ಲ. ನಮ್ಮ ಮನೆಯ ಗಂಡಸರಿಗೆ ಏಕೆ ಎನಿಸಬೇಕು?

ಈಗ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಆ ಮನೆಯಲ್ಲಿ ಕಾವಲಿಯ ಮುಂದೆ ನಿಲ್ಲುವುದು ಮಗ. ದೋಸೆ ದುಂಡಗೆ ಬರುವುದಿಲ್ಲವಂತೆ. ಅತ್ತೆ ಸೊಸೆ ಅಕ್ಕಪಕ್ಕ ಕುಳಿತು ನಗುತ್ತಾರಂತೆ.

ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಿ ಕೊನೆಗೆ ಕುಳಿತುಕೊಳ್ಳುವವರು ಯಾರು? ಕೂರಲು ಕಷ್ಟಪಡುವವರು ಯಾರು? ಏನನ್ನೇ ಕಟ್ಟಿಸುವ ಮೊದಲು, ಅಳತೆಯನ್ನು ಅವರಿಂದ ಪ್ರಾರಂಭಿಸಿ.